ಹ್ಯಾಂಬರ್ಗ್‌ಗೆ ಎರಡು ದಿನ: ಕರಾವಳಿಯವರು ಹೀಗೆ ನೋಡಿ

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಓದಲೋ ಕೆಲಸಕ್ಕೋ ಜರ್ಮನಿಯಲ್ಲಿದ್ದಾರೆ. ಅವರನ್ನು ನೋಡಲು ಹೋದ ಅಪ್ಪ-ಅಮ್ಮ ಬರ್ಲಿನ್, ಮ್ಯೂನಿಕ್ ಸುತ್ತಿ ವಾಪಸ್ ಬರುತ್ತಾರೆ. ಆ ಪ್ರವಾಸದಲ್ಲಿ ಎರಡು ದಿನ ಹ್ಯಾಂಬರ್ಗ್‌ಗೆ ತೆಗೆದಿಡಿ. ಬೈತಖೋಲ ಬಂದರು ನೋಡುತ್ತಾ ಬೆಳೆದವರಿಗೆ ಅರಮನೆಗಳಿಗಿಂತ ಈ ಊರು ಬೇಗ ಹತ್ತಿರವಾಗುತ್ತದೆ. ಆದರೆ ಬಸ್ಸಿನ ಕಿಟಕಿಯಿಂದ ನೋಡಬೇಡಿ. ನೀರಿನ ಮೇಲಿಂದ ನೋಡಿ.

ಮೊದಲು ಹೊರಡುವ ವಿಚಾರ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಅಲ್ಲಿಂದ ಹ್ಯಾಂಬರ್ಗ್‌ಗೆ ವೇಗದ ರೈಲಿನಲ್ಲಿ ಸುಮಾರು 4 ತಾಸು, ಟಿಕೆಟ್ ಮುಂಚೆ ತೆಗೆದಷ್ಟೂ ಅಗ್ಗ. ಜರ್ಮನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕೇ ಬೇಕು. ಬೇಸಿಗೆಗೆ ಹೋಗುವವರು ವೀಸಾ ಅಪಾಯಿಂಟ್‌ಮೆಂಟನ್ನು ತಿಂಗಳುಗಳ ಮುಂಚೆಯೇ ಹಿಡಿಯಿರಿ.

ಯಾವ ದಿನ ಹೋಗಬೇಕು? ಶನಿವಾರ, ಭಾನುವಾರ. ಯಾಕೆಂದು ಮುಂದೆ ಹೇಳುತ್ತೇನೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಬಂದ್, ಹಾಗಾಗಿ ಹಣ್ಣು, ಬ್ರೆಡ್ಡು, ಔಷಧಿ ಏನೇ ಬೇಕಿದ್ದರೂ ಶನಿವಾರವೇ ತಂದಿಟ್ಟುಕೊಳ್ಳಿ. ಹಿರಿಯರು, ಮಕ್ಕಳು ಜೊತೆಗಿದ್ದರೆ ಬಾರು, ಕ್ಲಬ್ಬುಗಳ ರೀಪರ್‌ಬಾನ್ ರಸ್ತೆಯ ಹತ್ತಿರ ರೂಮ್ ಬೇಡ, ಶನಿವಾರ ರಾತ್ರಿ ಅಲ್ಲಿ ನಿದ್ದೆ ಬರುವುದಿಲ್ಲ.

ಇನ್ನೊಂದು ಕೆಲಸ, ಇದನ್ನು ಯಾರೂ ಹೇಳುವುದಿಲ್ಲ: ಉಬ್ಬರ-ಇಳಿತದ ಸಮಯ ನೋಡಿಟ್ಟುಕೊಳ್ಳಿ. ಹ್ಯಾಂಬರ್ಗ್ ಸಮುದ್ರದ ದಡದಲ್ಲಿಲ್ಲ, ಎಲ್ಬೆ ನದಿಯಲ್ಲಿ 100 ಕಿಲೋಮೀಟರಿಗಿಂತ ಜಾಸ್ತಿ ಒಳಗಿದೆ. ಆದರೂ ಅಲ್ಲಿ ನೀರು ದಿನಕ್ಕೆ ಎರಡು ಸಲ 3 ಮೀಟರಿಗಿಂತ ಹೆಚ್ಚು ಏರಿ ಇಳಿಯುತ್ತದೆ, ನಮ್ಮ ಕಾರವಾರಕ್ಕಿಂತ ಜಾಸ್ತಿ. ಇಂಟರ್ನೆಟ್‌ನಲ್ಲಿ ಸಾಂಕ್ಟ್ ಪೌಲಿ ಎಂಬ ಜಾಗದ ಲೆಕ್ಕ ಸಿಗುತ್ತದೆ. 1962ರ ಫೆಬ್ರವರಿಯಲ್ಲಿ ಬಿರುಗಾಳಿ ಸಮುದ್ರದ ನೀರನ್ನು ನದಿಯೊಳಗೆ ನೂಕಿ ಒಡ್ಡುಗಳು ಒಡೆದವು. ಹ್ಯಾಂಬರ್ಗ್ ಒಂದರಲ್ಲೇ 315 ಜನ ಸತ್ತರು. ಈಗ ದಡದುದ್ದಕ್ಕೂ ಕಾಣುವ ಎತ್ತರದ ತಡೆಗೋಡೆಗಳ ಹಿಂದೆ ಆ ನೆನಪಿದೆ.

ಶನಿವಾರ ಬೆಳಿಗ್ಗೆ ಸೀದಾ ಲಾಂಡುಂಗ್ಸ್‌ಬ್ರ್ಯೂಕನ್ ಧಕ್ಕೆಗೆ ಹೋಗಿ. ಇದು ತೇಲುವ ಧಕ್ಕೆ, ಉಬ್ಬರ ಬಂದಾಗ ಏರುತ್ತದೆ, ಇಳಿತಕ್ಕೆ ಕೆಳಗೆ ಹೋಗುತ್ತದೆ. ಅಲ್ಲಿ ಬಂದರು ತೋರಿಸುತ್ತೇವೆ ಎಂದು ಟಿಕೆಟ್ ಮಾರುವವರು ಕರೆಯುತ್ತಾರೆ, ತಕ್ಷಣ ಹತ್ತಬೇಡಿ. ಮೊದಲು 62 ನಂಬರಿನ ಫೆರಿ ಹಿಡಿಯಿರಿ. ಇದು ಜನ ದಿನಾಲೂ ಓಡಾಡುವ ಲಾಂಚ್, ಊರಿನ ಬಸ್ಸು, ರೈಲಿಗೆ ತೆಗೆದ ದಿನದ ಟಿಕೆಟ್ ಇದಕ್ಕೂ ನಡೆಯುತ್ತದೆ. ಮೇಲಿನ ಡೆಕ್‌ನಲ್ಲಿ ಕುಳಿತರೆ ಎಡಕ್ಕೆ ಹಡಗು ದುರಸ್ತಿಯ ಡಾಕ್‌ಗಳು, ಮುಂದೆ ಕಂಟೇನರ್ ಇಳಿಸುವ ಕ್ರೇನುಗಳ ಸಾಲು, ಬಲಕ್ಕೆ ಹಳೆಯ ಮೀನು ಹರಾಜಿನ ಕಟ್ಟಡ. ಬಿಸಿಲಿದ್ದರೆ ಹತ್ತು ಗಂಟೆಯ ಮೇಲೆ ಜಾಗ ಸಿಗುವುದು ಕಷ್ಟ.

ನೊಯ್‌ಮ್ಯೂಲನ್ ಎಂಬಲ್ಲಿ ಇಳಿಯಿರಿ. ಪಕ್ಕದಲ್ಲೇ ಹಳೆಯ ಹಡಗುಗಳನ್ನು ಜೋಪಾನ ಮಾಡಿಟ್ಟ ಚಿಕ್ಕ ಬಂದರು. ಸ್ವಲ್ಪ ನಡೆದರೆ ನದಿ ದಡದ ಮರಳು. ಅಲ್ಲಿ ಕುಳಿತಿದ್ದಾಗ ಎದುರಿಗೆ ದೊಡ್ಡ ಕಂಟೇನರ್ ಹಡಗು ಹಾದು ಹೋಗುವುದನ್ನು ಕಾಯ್ದು ನೋಡಿ, ಅಷ್ಟು ಹತ್ತಿರದಿಂದ ಅಂಥ ಹಡಗು ನಮ್ಮ ಕಡೆ ಕಾಣಸಿಗುವುದಿಲ್ಲ. ಅದೇ ದಡದಲ್ಲಿ 217 ಟನ್ ತೂಕದ ಬಂಡೆಯೊಂದಿದೆ. 1999ರಲ್ಲಿ ಹಡಗಿನ ದಾರಿಗಾಗಿ ಹೂಳೆತ್ತುವಾಗ ನದಿಯ ತಳದಲ್ಲಿ ಸಿಕ್ಕಿದ್ದು. ಈಜಲು ಮಾತ್ರ ಇಳಿಯಬೇಡಿ. ಸೆಳೆತ ಜೋರಿದೆ, ಹಡಗು ಹೋದ ಮೇಲೆ ನೀರು ಮೊದಲು ಎಳೆದು ಆಮೇಲೆ ನುಗ್ಗುತ್ತದೆ. ಕಡಲು ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು ಅಲ್ವಾ.

ವಾಪಸ್ ಬಂದು ಧಕ್ಕೆಯ ಪಕ್ಕದ ಗುಮ್ಮಟದ ಕಟ್ಟಡದಿಂದ ಹಳೆಯ ಎಲ್ಬೆ ಸುರಂಗಕ್ಕೆ ಇಳಿಯಿರಿ. ಆಚೆ ದಡದ ಹಡಗುಕಟ್ಟೆಗೆ ಹೋಗುವ ಕೂಲಿಗಳಿಗಾಗಿ 1911ರಲ್ಲಿ ತೆರೆದದ್ದು. ಉದ್ದ 426 ಮೀಟರ್, ಲಿಫ್ಟ್ ಇದೆ, ನಡೆದು ಹೋಗುವವರಿಗೆ ದುಡ್ಡಿಲ್ಲ. ಆಚೆ ಬದಿಗೆ ಹತ್ತಿ ಊರಿನ ಕಡೆ ತಿರುಗಿ ಫೋಟೋ ತೆಗೆಯಿರಿ, ಇಡೀ ದಡ ಒಂದೇ ಚೌಕಟ್ಟಿನಲ್ಲಿ ಬರುತ್ತದೆ.

ಮಧ್ಯಾಹ್ನದ ಮೇಲಿನ ಸಮಯವೆಲ್ಲ ಸ್ಪೈಶರ್‌ಷ್ಟಾಟ್‌ಗೆ. ಕೆಂಪು ಇಟ್ಟಿಗೆಯ ಗೋದಾಮುಗಳ ಈ ಬೀದಿಗಳಿಗೆ 2015ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿದೆ. ಶಿರಸಿಯ ಕಾಳುಮೆಣಸು, ಏಲಕ್ಕಿ ವ್ಯಾಪಾರ ಕಂಡವರು ಇಲ್ಲಿ ಗಡಿಬಿಡಿ ಮಾಡಬೇಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರಲ್ಲ, ಆ ಮೆಣಸಿನ ಹಸಿವು ಯುರೋಪಿಗೆ ಎಷ್ಟು ದೊಡ್ಡದಾಗಿತ್ತು ಎನ್ನುವುದು ಇಂಥ ಗೋದಾಮುಗಳ ಮುಂದೆ ನಿಂತಾಗ ಅಂದಾಜಾಗುತ್ತದೆ. ಕಾಫಿ, ಚಹಾ, ಕೋಕೋ, ಮಸಾಲೆ ಎಲ್ಲ ಇಲ್ಲಿ ಬಂದು ಬೀಳುತ್ತಿತ್ತು. ಪ್ರತಿ ಕಟ್ಟಡದ ಒಂದು ಬದಿ ಕಾಲುವೆಗೆ, ಇನ್ನೊಂದು ಬದಿ ರಸ್ತೆಗೆ. ತಲೆ ಎತ್ತಿ ನೋಡಿ, ಛಾವಣಿಯ ತುದಿಯಲ್ಲಿ ರಾಟೆ ಈಗಲೂ ಇದೆ. ದೋಣಿಯಿಂದ ಚೀಲ ಎತ್ತಿ ಸೀದಾ ಬೇಕಾದ ಮಹಡಿಗೆ ಎಳೆದುಕೊಳ್ಳುತ್ತಿದ್ದರು. ಒಳಗೊಂದು ಮಸಾಲೆ ಮ್ಯೂಸಿಯಂ ಕೂಡ ಇದೆ.

ಈ ಗೋದಾಮುಗಳ ಕೆಲಸ 1883ರಲ್ಲಿ ಶುರುವಾಯಿತು. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ವ್ಯವಸ್ಥೆಗೆ ಸೇರುವುದಿತ್ತು, ಅಷ್ಟರೊಳಗೆ ಸುಂಕವಿಲ್ಲದೆ ಸರಕು ಇಡಲು ಜಾಗ ಬೇಕಿತ್ತು. ಅದಕ್ಕಾಗಿ ಅಲ್ಲಿದ್ದ ಕೇರಿಗಳನ್ನೇ ಕೆಡವಿದರು, ಸುಮಾರು 20,000 ಜನ ಮನೆ ಬಿಟ್ಟರು. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ, ಹಾಗಾಗಿ ಈ ಸಂಗತಿ ತಿಳಿದುಕೊಂಡೇ ಆ ಬೀದಿಯಲ್ಲಿ ನಡೆಯಬೇಕು ಎಂದು ನನಗೆ ಅನ್ನಿಸುತ್ತದೆ.

ದುಡ್ಡು ಕೊಟ್ಟು ಲಾಂಚ್ ಹತ್ತುವುದಿದ್ದರೆ ಈಗ ಹತ್ತಿ. ಉಬ್ಬರ-ಇಳಿತ ನೋಡಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಪೂರ್ತಿ ಇಳಿತದಲ್ಲಿ ಕಾಲುವೆಯ ತಳ ಕಾಣುತ್ತದೆ, ಪೂರ್ತಿ ಉಬ್ಬರದಲ್ಲಿ ಸೇತುವೆಯ ಕೆಳಗೆ ಲಾಂಚ್ ಹಿಡಿಸುವುದಿಲ್ಲ. ನಡುವಿನ ಹೊತ್ತು ಆರಿಸಿ, ಹತ್ತುವ ಮುಂಚೆ “ಗೋದಾಮಿನ ಕಾಲುವೆಯೊಳಗೆ ಹೋಗುತ್ತೀರಾ?” ಎಂದು ಕೇಳಿ. ಇಲ್ಲವೆಂದರೆ ಸುಮ್ನೆ ದುಡ್ಡು ಕೊಡಬೇಡಿ, 62ರಲ್ಲಿ ಕಂಡದ್ದನ್ನೇ ಮತ್ತೆ ತೋರಿಸುತ್ತಾರೆ. ದೀಪ ಹತ್ತಿದ ಮೇಲೆ ಪೊಗ್ಗನ್‌ಮ್ಯೂಲನ್ ಸೇತುವೆಗೆ ಬನ್ನಿ. ಜೂನ್‌ನಲ್ಲಿ ಕತ್ತಲಾಗಲು ರಾತ್ರಿ ಹತ್ತು ದಾಟುತ್ತದೆ, ತಾಳ್ಮೆ ಬೇಕು.

ಭಾನುವಾರ ಮೀನು ಮಾರುಕಟ್ಟೆ. ಶನಿವಾರ, ಭಾನುವಾರ ಹೋಗಿ ಎಂದದ್ದು ಇದಕ್ಕೇ. 1703ರಿಂದ ನಡೆದು ಬಂದಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಗಿನ ಜಾವ 5ಕ್ಕೆ, ಚಳಿಗಾಲದಲ್ಲಿ 7ಕ್ಕೆ ಶುರು. ಒಂಬತ್ತರ ನಂತರ ಹೋದರೆ ಬುಟ್ಟಿ ಎತ್ತುವುದನ್ನಷ್ಟೇ ನೋಡುತ್ತೀರಿ. ಮೀನಿನ ಜೊತೆ ಹಣ್ಣು, ಹೂಗಿಡ ಎಲ್ಲ ಕೂಗಿ ಕೂಗಿ ಮಾರುತ್ತಾರೆ. ಹರಾಜು ಕಟ್ಟಡದೊಳಗೆ ಬ್ಯಾಂಡ್ ಬಾರಿಸುತ್ತಾರೆ. ಬ್ರೆಡ್ಡಿನ ನಡುವೆ ಮೀನಿಟ್ಟು ಕೊಡುವ ಫಿಶ್‌ಬ್ರ್ಯೋಟ್‌ಶನ್ ತಿನ್ನಲೇಬೇಕು. ಮಾಟ್ಯೆಸ್ ಎಂದರೆ ಉಪ್ಪಿನಲ್ಲಿ ಹದ ಮಾಡಿದ ಹೆರಿಂಗ್, ಬೇಯಿಸಿರುವುದಿಲ್ಲ. ಅದು ಬೇಡವೆಂದರೆ ಕರಿದ ಮೀನಿನದ್ದು ಅಥವಾ ಹೊಗೆ ಹಾಕಿದ ಬಂಗಡೆ ಜಾತಿಯದ್ದು ಕೇಳಿ. ಸಸ್ಯಾಹಾರಿಗಳು ದಾಲ್ಚಿನ್ನಿ, ಬೆಣ್ಣೆ ಹಾಕಿದ ಫ್ರಾಂಟ್ಸ್‌ಬ್ರ್ಯೋಟ್‌ಶನ್ ಹುಡುಕಿ, ಊರಿನ ಎಲ್ಲ ಬೇಕರಿಯಲ್ಲೂ ಇರುತ್ತದೆ.

ಆಮೇಲೆ ಎತ್ತರದಿಂದ ನೋಡುವ ಕೆಲಸ. ಮಿಖೆಲ್ ಚರ್ಚಿನ ಗೋಪುರಕ್ಕೆ 452 ಮೆಟ್ಟಿಲು, ಲಿಫ್ಟೂ ಇದೆ. ಆದರೆ ಒಂದನ್ನೇ ಆರಿಸಿ ಎಂದರೆ ನಾನು ನಿಕೊಲಾಯ್ ಚರ್ಚ್ ಎನ್ನುತ್ತೇನೆ. 1943ರ ಜುಲೈ ತಿಂಗಳ ಬಾಂಬ್ ದಾಳಿಯಲ್ಲಿ ಊರಿನ 30,000ಕ್ಕೂ ಹೆಚ್ಚು ಜನ ಸತ್ತರು. ಚರ್ಚೂ ಹಾಳಾಯಿತು. ಉಳಿದ ಗೋಪುರವನ್ನು ಹಾಗೆಯೇ ಸ್ಮಾರಕವಾಗಿ ಬಿಟ್ಟಿದ್ದಾರೆ. ಕಾಲಿಗೆ ಕಸುವಿದ್ದರೆ ಎಲ್ಬ್‌ಫಿಲ್‌ಹಾರ್ಮನಿಗೂ ಹೋಗಿ, ಹಳೆಯ ಕೋಕೋ ಗೋದಾಮಿನ ಮೇಲೆ ಗಾಜಿನ ಸಂಗೀತ ಭವನ ಕಟ್ಟಿ 2017ರಲ್ಲಿ ತೆರೆದರು, 37 ಮೀಟರ್ ಎತ್ತರದ ಜಗಲಿಯಿಂದ ಬಂದರು ಸುತ್ತಲೂ ಕಾಣುತ್ತದೆ. ಮಕ್ಕಳಿದ್ದರೆ ಪುಟಾಣಿ ರೈಲುಗಳ ಮಿನಿಯಾಟೂರ್ ವುಂಡರ್‌ಲಾಂಡ್, ಮುಂಚೆ ಬುಕ್ ಮಾಡದಿದ್ದರೆ ಬಿಟ್ಟುಬಿಡಿ.

ಬಟ್ಟೆಯ ವಿಚಾರ: ನಮ್ಮ ಮಳೆಗೆ ಹೋಲಿಸಿದರೆ ಅಲ್ಲಿಯದು ಬರೀ ತುಂತುರು, ಆದರೆ ವರ್ಷವಿಡೀ ಬರುತ್ತದೆ, ಜೊತೆಗೆ ಗಾಳಿ. ಕೊಡೆ ಉಲ್ಟಾ ಆಗುತ್ತದೆ. ಟೋಪಿ ಇರುವ ರೇನ್‌ಕೋಟ್ ಒಯ್ಯಿರಿ. ಸೈಕಲ್ ದಾರಿಯಲ್ಲಿ ನಿಲ್ಲಬೇಡಿ, ಬೈಸಿಕೊಳ್ಳುತ್ತೀರಿ. ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಸೂಪರ್ ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ ಸಿಗುತ್ತದೆ. ವಾಪಸ್ ರೈಲು ಭಾನುವಾರ ಸಂಜೆ ಇದ್ದರೆ ಬೆಳಿಗ್ಗೆಯೇ ಮುಖ್ಯ ನಿಲ್ದಾಣದ ಲಾಕರಿನಲ್ಲಿ ಸಾಮಾನಿಟ್ಟು ಹೊರಡಿ, ಅದಕ್ಕೆ ಯೂರೋ ಚಿಲ್ಲರೆ ಜೇಬಿನಲ್ಲಿರಲಿ.