ಸೆಲ್ಡನ್ ಯೋಜನೆಯ ಖರ್ಚು ಯಾರ ತಲೆ ಮೇಲೆ?

ಐಸಾಕ್ ಅಸಿಮೋವ್ ಬರೆದ ವೈಜ್ಞಾನಿಕ ಕಥೆಗಳ ಫೌಂಡೇಶನ್ ಸರಣಿಯನ್ನು ಕಾಲೇಜಿನಲ್ಲಿ ಓದುವಾಗ ಮುಂದೇನಾಗುತ್ತೆ ಅನ್ನೋದಷ್ಟೇ ಬೇಕಿತ್ತು. ಈ ಸಲ ಕಥೆ ಗೊತ್ತಿತ್ತಲ್ವಾ, ಪೆನ್ಸಿಲ್ ಹಿಡಿದು ಕೂತೆ. 1951ರಿಂದ 1953ರವರೆಗೆ ಬಂದ ಮೊದಲ ಮೂರು ಪುಸ್ತಕ ಮಾತ್ರ. 1982ರಿಂದ ಶುರುವಾದ ಮುಂದಿನ ಭಾಗಗಳನ್ನು ಬೇಕಂತಲೇ ಬಿಟ್ಟೆ.

ಕೇಳಿಕೊಂಡಿದ್ದು ಒಂದೇ ಪ್ರಶ್ನೆ. ಜನಸಮೂಹದ ಭವಿಷ್ಯವನ್ನು ಗಣಿತದಿಂದ ಲೆಕ್ಕ ಹಾಕುವ ಹ್ಯಾರಿ ಸೆಲ್ಡನ್, ಫೌಂಡೇಶನ್ ಅನ್ನೋ ವಿಜ್ಞಾನಿಗಳ ನೆಲೆ ಕಟ್ಟಿ, ಗ್ಯಾಲಕ್ಸಿಯ ಸಾಮ್ರಾಜ್ಯ ಬಿದ್ದ ಮೇಲಿನ 30,000 ವರ್ಷದ ಕತ್ತಲೆಯನ್ನು 1,000 ವರ್ಷಕ್ಕೆ ಇಳಿಸುತ್ತಾನೆ, ಸರಿ. ಅದರ ಖರ್ಚು ಯಾರ ತಲೆ ಮೇಲೆ? ಉತ್ತರ ಕಂಡಲ್ಲೆಲ್ಲ ಅಂಚಿನಲ್ಲಿ ಗೆರೆ ಎಳೆದೆ.

ಮೊದಲ ದಪ್ಪ ಗೆರೆ ಬಿದ್ದಿದ್ದು ನೆರೆಯ ರಾಜ್ಯ ಅನಾಕ್ರಿಯಾನ್‌ನ ಪ್ರಸಂಗಕ್ಕೆ. ಫೌಂಡೇಶನ್ ಅಲ್ಲಿಗೆ ಅಣುಶಕ್ತಿಯನ್ನು ಧರ್ಮದ ವೇಷ ಹಾಕಿ ಕಳಿಸಿರುತ್ತೆ. ಯಂತ್ರ ನಡೆಸುವವರು ಪುರೋಹಿತರು. ಯುದ್ಧಕ್ಕೆ ಹೊರಟ ಅಲ್ಲಿನ ರಾಜಪ್ರತಿನಿಧಿಯ ಎದುರು ಫೌಂಡೇಶನ್‌ನ ಮೇಯರ್ ಸಾಲ್ವರ್ ಹಾರ್ಡಿನ್ ತಣ್ಣಗೆ ಕೂತಿರುತ್ತಾನೆ. ನಡುರಾತ್ರಿ ಪುರೋಹಿತರು ಯಂತ್ರಗಳನ್ನು ನಿಲ್ಲಿಸಿಬಿಡ್ತಾರೆ. ಆಗ ಹಾರ್ಡಿನ್ ಪಟ್ಟಿ ಓದ್ತಾನೆ: ದೇವಸ್ಥಾನ ಬಿಟ್ಟು ಎಲ್ಲೂ ದೀಪವಿಲ್ಲ, ನೀರಿಲ್ಲ, ಚಳಿಗಾಲದ ಭಾಗದಲ್ಲಿ ಕಾವಿಲ್ಲ, ಆಸ್ಪತ್ರೆಗಳು ಹೊಸ ರೋಗಿಗಳನ್ನು ಸೇರಿಸಿಕೊಳ್ಳುತ್ತಿಲ್ಲ. ಹಿಂದೆ ಇಲ್ಲಿ ಚಪ್ಪಾಳೆ ಹೊಡೆಯಬೇಕು ಅನಿಸಿತ್ತು. ಈಗ ಆಸ್ಪತ್ರೆಯ ಸಾಲಿಗೇ ಕಣ್ಣು ಅಂಟಿಕೊಂಡಿತು. ಹಿಂಸೆ ಅಸಮರ್ಥರ ಕೊನೆಯ ಆಸರೆ ಅನ್ನುವವನೂ ಇದೇ ಹಾರ್ಡಿನ್.

ಹೆಂಗಸರ ವಿಷಯ ಜಾಸ್ತಿ ಹೇಳಬೇಕಿಲ್ಲ. ಮೊದಲ ಪುಸ್ತಕದಲ್ಲಿ ನೆನಪಲ್ಲಿ ಉಳಿಯುವವಳು ಕೊರೆಲ್ ದೊರೆಯ ಹೆಂಡತಿ ಒಬ್ಬಳೇ. ಗಂಡನನ್ನು ಹಂಗಿಸ್ತಾಳೆ, ಮಿನುಗುವ ಒಡವೆ ಕಂಡ ಕೂಡಲೇ ಸುಮ್ಮನಾಗ್ತಾಳೆ. ಎರಡನೆಯದರಲ್ಲಿ ಬೇಟಾ ಬಂದ ಮೇಲೆ ಪುಸ್ತಕಕ್ಕೇ ಜೀವ ಬರುತ್ತೆ. ಜನರ ಮನಸ್ಸನ್ನೇ ಬದಲಿಸಬಲ್ಲ ದಾಳಿಕೋರ ಮ್ಯೂಲ್‌ನನ್ನು ತಡೆಯುವುದು ಸೆಲ್ಡನ್ನನ ಲೆಕ್ಕವಲ್ಲ, ಅವಳು.

ಮೂರನೆಯದರ ಕೊನೆ ಮಾತ್ರ ನನ್ನನ್ನು ಬಿಡಲಿಲ್ಲ. ಎರಡನೇ ಫೌಂಡೇಶನ್, ಅಂದ್ರೆ ಸೆಲ್ಡನ್ ಯೋಜನೆಯನ್ನು ಕಾಯುವ, ಮನಸ್ಸುಗಳನ್ನು ತಿದ್ದಬಲ್ಲ ರಹಸ್ಯ ಗುಂಪು, ಅಡಗಿಕೊಳ್ಳೋದಕ್ಕೆ ತನ್ನದೇ ಐವತ್ತು ಜನರನ್ನು ಬಲಿ ಕೊಡುತ್ತೆ. ಅವರಾದರೂ ಗೊತ್ತಿದ್ದೇ ಒಪ್ಪಿದ್ದರು. ಬೇಟಾಳ ಮೊಮ್ಮಗಳು ಆರ್ಕೇಡಿ? ಅವಳು ಹಸುಗೂಸಾಗಿದ್ದಾಗಲೇ ಮನಸ್ಸನ್ನು ತಿದ್ದಿರ್ತಾರೆ, ಯಾವ ಪರೀಕ್ಷೆಗೂ ಸಿಗದ ಹಾಗೆ. ಅವಳ ಅಪ್ಪ ಪರೀಕ್ಷೆ ಮಾಡಿ, ಮಗಳಿಗೆ ಏನೂ ಆಗಿಲ್ಲ ಅಂತ ನಿರಾಳವಾಗ್ತಾನೆ. ಕಥೆ ಇದನ್ನು ಗೆಲುವು ಅಂತ ಮುಗಿಸುತ್ತೆ. ನಾನು ಆ ಪುಟಕ್ಕೆ ಎರಡು ಗೆರೆ ಎಳೆದೆ.