ಬೆಳ್ಳಿ ಇಂಕಿನ ಬೋರ್ಡ್: ನಾಜಲ್ ಎತ್ತರ ನೋಡದೆ ಪ್ರಿಂಟ್ ಒತ್ತಬೇಡಿ

ಮೇಜಿನ ಮೇಲೆ ಕೂರುವ ಸರ್ಕಿಟ್ ಪ್ರಿಂಟರ್ ಬಂದ ದಿನ ಎಲ್ಲರೂ ಮಾಡುವುದು ಒಂದೇ ಕೆಲಸ. ಪೆಟ್ಟಿಗೆ ಬಿಚ್ಚುತ್ತಾರೆ, ಇಂಕಿನ ಸಿರಿಂಜ್ ಸಿಕ್ಕಿಸುತ್ತಾರೆ, ಪ್ರಿಂಟ್ ಒತ್ತುತ್ತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬೋರ್ಡ್ ಮೇಲೆ ಅರ್ಧ ಗೀಟು, ಅರ್ಧ ಚುಕ್ಕೆ, ಮೂಲೆಯಲ್ಲೊಂದು ದಪ್ಪ ಬೊಟ್ಟು. ಆಮೇಲೆ ‘ಮೆಷಿನ್ನೇ ಸರಿ ಇಲ್ಲ’ ಅಂತ ದೂರು. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ಸಲ ನಾನು ಮಾಡಿದ್ದೂ ಇದನ್ನೇ.

ಮೇಜಿನ ಮೇಲೆ ಬೋರ್ಡ್ ಮಾಡುವ ಮೆಷಿನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ತಾಮ್ರದ ಹಾಳೆ ಅಂಟಿಸಿದ ಬೋರ್ಡನ್ನು ಕೆರೆದು ದಾರಿ ಬಿಡಿಸುವುದು ಒಂದು. ಖಾಲಿ ಬೋರ್ಡ್ ಮೇಲೆ ಬೆಳ್ಳಿ ಬೆರೆಸಿದ ಇಂಕನ್ನು ಸಿರಿಂಜಿನಿಂದ ಒತ್ತಿ ಗೀಟು ಎಳೆಯುವುದು ಇನ್ನೊಂದು. 2015ರಲ್ಲಿ ಜೇಮ್ಸ್ ಡೈಸನ್ ಪ್ರಶಸ್ತಿ ಗೆದ್ದ ಕೆನಡಾದ ವೋಲ್ಟೆರಾ ವಿ-ಒನ್ ಈ ಎರಡನೇ ಬಗೆಯದು. ಇಲ್ಲಿ ಹೇಳುವುದೂ ಇಂಥ ಇಂಕ್ ಮೆಷಿನ್ ಬಗ್ಗೆಯೇ. ಕೆರೆಯುವ ಮೆಷಿನ್‌ನ ಕಷ್ಟ ಬೇರೆ, ಅದರ ಧೂಳಿನ ಕಥೆ ಬೇರೆ.

1. ಡಿಸೈನ್ ಫೈಲ್

ಡಿಸೈನ್ ಮಾಡುವ ಸಾಫ್ಟ್‌ವೇರ್ ಕಿಕ್ಯಾಡ್ ಆಗಲಿ ಬೇರೆ ಏನೇ ಆಗಲಿ, ಕೊನೆಗೆ ಗರ್ಬರ್ ಫೈಲ್, ಅಂದರೆ ಬೋರ್ಡಿನ ಪದರಗಳ ನಕ್ಷೆ, ತೆಗೆದುಕೊಡಬೇಕು. ತಾಮ್ರದ ಪದರ (ಇಲ್ಲಿ ತಾಮ್ರದ ಬದಲು ಇಂಕಿನ ಗೀಟು), ಬೆಸುಗೆ ಪೇಸ್ಟ್ ಬೀಳುವ ಜಾಗ ತೋರಿಸುವ ಪೇಸ್ಟ್ ಪದರ, ತೂತುಗಳ ಡ್ರಿಲ್ ಫೈಲ್. ಅಷ್ಟೇ.

ಆದರೆ ಕಾರ್ಖಾನೆಗೆ ಕಳಿಸಲು ಮಾಡಿದ ಡಿಸೈನನ್ನು ಹಾಗೇ ತಂದು ಇಲ್ಲಿ ಹಾಕಬೇಡಿ. ಬ್ರೋಷರ್‌ನಲ್ಲಿ 0.2 ಮಿ.ಮೀ. ಗೀಟು ಬರುತ್ತದೆ ಅಂತ ಬರೆದಿರುತ್ತಾರೆ. ಬರುತ್ತದೆ ನಿಜ, ಎಲ್ಲವೂ ಸರಿ ಇದ್ದ ದಿನ. ನಾನು 0.3ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಜಾಗ ಇದ್ದರೆ 0.4. ನೆಲದ ಸಂಪರ್ಕ (ಗ್ರೌಂಡ್) ಅಂತ ಇಡೀ ಬೋರ್ಡ್ ತುಂಬಿಸುವ ಅಭ್ಯಾಸವನ್ನೂ ಬಿಡಿ, ಸುಮ್ನೆ ಬೆಳ್ಳಿ ಖರ್ಚು. ತುಂಬಿಸಲೇಬೇಕು ಅಂದರೆ ಬಲೆಯ ಹಾಗೆ ಅಡ್ಡ-ಉದ್ದ ಗೀಟು ಹಾಕಿಸಿ.

ಇನ್ನೊಂದು ಲೆಕ್ಕ ಇದೆ, ಇದನ್ನು ಯಾರೂ ಮಾಡುವುದಿಲ್ಲ. 0.3 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಒಂದು ಟ್ರೇಸ್, ಅಂದರೆ ಕರೆಂಟ್ ಹರಿಯುವ ಗೀಟು, ತೆಗೆದುಕೊಳ್ಳಿ. ಅಂದರೆ 0.3 ಮಿ.ಮೀ. ಬದಿಯ 100 ಚದರಗಳನ್ನು ಸಾಲಾಗಿ ಜೋಡಿಸಿದ ಹಾಗೆ. ಮಾಮೂಲಿ 35 ಮೈಕ್ರಾನ್ ದಪ್ಪದ ತಾಮ್ರದಲ್ಲಿ ಚದರವೊಂದಕ್ಕೆ ಸುಮಾರು ಅರ್ಧ ಮಿಲಿಓಮ್, ಒಟ್ಟು 0.05 ಓಮ್. ಇಂಕಿನಲ್ಲಿ ಚದರಕ್ಕೆ 10 ಮಿಲಿಓಮ್ ಅಂತ ಇಟ್ಟುಕೊಂಡರೂ ಒಟ್ಟು 1 ಓಮ್ ಆಯಿತು. ಎಲ್‌ಇಡಿ ಮಿನುಗಿಸಲು ಏನೂ ತೊಂದರೆ ಇಲ್ಲ. ಅದರಲ್ಲೇ ಒಂದು ಮೋಟರಿಗೆ ಅರ್ಧ ಆಂಪಿಯರ್ ಹರಿಸಲು ಹೋದರೆ ಅರ್ಧ ವೋಲ್ಟ್ ದಾರಿಯಲ್ಲೇ ಹೋಯಿತು. ಕರೆಂಟ್ ಜಾಸ್ತಿ ಹರಿಯುವ ದಾರಿಯನ್ನು ಅಗಲ ಮಾಡಿ, ಗಿಡ್ಡ ಮಾಡಿ. ಅದೂ ಸಾಲದಿದ್ದರೆ ಮೇಲೊಂದು ತಂತಿ ಬೆಸೆದುಬಿಡಿ. ನಾಚಿಕೆ ಏನಿಲ್ಲ, ಇದು ಪ್ರೊಟೊಟೈಪ್ ತಾನೇ.

ಎರಡು ಬದಿಯ ಬೋರ್ಡ್ ಬೇಡ. ಇಂಕ್ ತಾನಾಗಿ ತೂತಿನೊಳಗೆ ಇಳಿದು ಆ ಬದಿ ಸೇರುವುದಿಲ್ಲ. ಪುಟ್ಟ ಲೋಹದ ರಿವೆಟ್ ಬಡಿದು ಸೇರಿಸಬೇಕು, ಎರಡೂ ಬದಿಯ ತೂತು ಒಂದಕ್ಕೊಂದು ಕೂರಬೇಕು. ಒಂದೇ ಬದಿಯಲ್ಲಿ ಮುಗಿಸಿ, ದಾಟಬೇಕಾದ ಕಡೆ ಸೊನ್ನೆ ಓಮ್ ರೆಸಿಸ್ಟರ್ ಇಟ್ಟು ಸೇತುವೆ ಮಾಡಿ.

2. ಬೋರ್ಡ್ ಉಜ್ಜುವುದು

ಗಾಜಿನ ನಾರಿನ ಎಫ್‌ಆರ್-4 ಬೋರ್ಡೇ ತೆಗೆದುಕೊಳ್ಳಿ, 1.6 ಮಿ.ಮೀ. ದಪ್ಪದ್ದು. ಅಗ್ಗಕ್ಕೆ ಸಿಗುವ ಕಂದು ಬಣ್ಣದ ಕಾಗದದ ಬೋರ್ಡ್ ಬಿಸಿಗೆ ಸೊಟ್ಟಗಾಗುತ್ತದೆ. ಪಾತ್ರೆ ಉಜ್ಜುವಂಥ ಒರಟು ಪ್ಯಾಡಿನಲ್ಲಿ ಮೇಲ್ಮೈಯ ಹೊಳಪು ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ, ಅಂಚು ಹಿಡಿದೇ ಎತ್ತಿ. ಆಲ್ಕೋಹಾಲ್ ಮುಗಿದಿದೆ ಅಂತ ಕೈಗೆ ಹಚ್ಚುವ ಸ್ಯಾನಿಟೈಸರ್ ಸುರಿದು ಒರೆಸಿದವರನ್ನು ನೋಡಿದ್ದೇನೆ. ಅಂಥವುಗಳಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಬೆರೆಸಿರುತ್ತಾರೆ. ಅದು ಬೋರ್ಡ್ ಮೇಲೆ ಜಿಡ್ಡಾಗಿ ಉಳಿಯುತ್ತದೆ, ಇಂಕ್ ಅಲ್ಲಿ ನಿಲ್ಲುವುದಿಲ್ಲ.

3. ಇಂಕ್ ಹೊರಗೆ ತೆಗೆಯುವುದು

ಫ್ರಿಜ್‌ನಿಂದ ತೆಗೆದ ಸಿರಿಂಜನ್ನು ಮುಚ್ಚಳ ಬಿಚ್ಚದೆ ಅರ್ಧ ಗಂಟೆಯಾದರೂ ಹೊರಗಿಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಒಳಗೆ ಕೂರುತ್ತದೆ, ಇಂಕ್ ಗಟ್ಟಿಯಾಗಿರುವುದರಿಂದ ಸರಿಯಾಗಿ ಹರಿಯುವುದೂ ಇಲ್ಲ. ಅವಧಿ ಮುಗಿದ ಇಂಕ್ ‘ಇನ್ನೂ ಚೆನ್ನಾಗೇ ಇದೆ’ ಅಂತ ಯಾರಾದರೂ ಕೊಟ್ಟರೆ ಕೈಮುಗಿದು ವಾಪಸ್ ಕೊಡಿ.

4. ನಾಜಲ್ ಎತ್ತರ

ಎಲ್ಲ ಎಡವಟ್ಟು ಆಗುವುದು ಇಲ್ಲೇ. ಬೇರೆ ಹಂತದಲ್ಲಿ ಉಳಿಸಿದ ಸಮಯವನ್ನೆಲ್ಲ ಇಲ್ಲಿ ಖರ್ಚು ಮಾಡಿ.

ನಾಜಲ್, ಅಂದರೆ ಇಂಕ್ ಹೊರಬರುವ ಸಿರಿಂಜಿನ ತುದಿ, ಅದರ ತೂತು ಸುಮಾರು ಕಾಲು ಮಿಲಿಮೀಟರ್. ನಾಜಲ್‌ಗೂ ಬೋರ್ಡಿಗೂ ನಡುವಿನ ಸಂದು ಇದಕ್ಕಿಂತಲೂ ಕಡಿಮೆ ಇರಬೇಕು. ನಾನು ತೂತಿನ ಅಳತೆಯ ಅರ್ಧದಿಂದ ಮುಕ್ಕಾಲರ ಒಳಗೆ ಇಟ್ಟುಕೊಳ್ಳುತ್ತೇನೆ. ಅಂದರೆ ಒಂದೋ ಎರಡೋ ಹಾಳೆ ಕಾಗದ ತೂರುವಷ್ಟು. ಬೋರ್ಡ್ ಕೂದಲೆಳೆಯಷ್ಟು ಉಬ್ಬಿದ್ದರೂ ಅಲ್ಲಿ ಈ ಸಂದು ಕೆಟ್ಟುಹೋಗುತ್ತದೆ. ಮೆಷಿನ್ ತಾನೇ ಅಲ್ಲಲ್ಲಿ ಮುಟ್ಟಿ ಎತ್ತರ ಅಳೆದುಕೊಳ್ಳುತ್ತದೆ ನಿಜ, ಆದರೆ ಅದು ಮುಟ್ಟಿದ ಜಾಗದ ಲೆಕ್ಕ ಮಾತ್ರ ಅದಕ್ಕೆ ಗೊತ್ತು, ಎರಡು ಬಿಂದುಗಳ ನಡುವೆ ಏನಿದೆ ಅನ್ನುವುದು ಬರೀ ಅಂದಾಜು.

ಅದಕ್ಕೇ ಮೊದಲು ಬೋರ್ಡ್ ಸಪಾಟಾಗಿ ಕೂತಿದೆಯಾ ನೋಡಿ. ನಾಲ್ಕೂ ಮೂಲೆಯನ್ನು ಒಂದೊಂದಾಗಿ ಉಗುರಿನಿಂದ ಒತ್ತಿ. ಎಲ್ಲಾದರೂ ‘ಟಿಕ್’ ಅಂದರೆ ಅಡಿಯಲ್ಲಿ ಸಂದು ಇದೆ ಅಂತ ಅರ್ಥ. ಬೋರ್ಡ್ ಕತ್ತರಿಸಿದಾಗ ಅಂಚಿನಲ್ಲಿ ಉಳಿದ ಮುಳ್ಳು ಇರಬಹುದು, ಹಿಂದಿನ ಪ್ರಿಂಟಿನ ಒಣಗಿದ ಇಂಕಿನ ಚೂರು ಇರಬಹುದು. ಕೆರೆದು ತೆಗೆಯಿರಿ. ಕ್ಲ್ಯಾಂಪ್ ಬಿಗಿಯುವಾಗ ಶಕ್ತಿಪ್ರದರ್ಶನ ಬೇಡ. ನಾನೊಮ್ಮೆ ಬೋರ್ಡ್ ಅಲುಗಬಾರದು ಅಂತ ಎರಡೂ ಕಡೆ ಗಟ್ಟಿಯಾಗಿ ತಿರುಗಿಸಿದೆ, ಅದು ನಡುವೆ ಬಿಲ್ಲಿನಂತೆ ಬಾಗಿತು, ನನ್ನ ಕಣ್ಣಿಗೆ ಕಾಣಲಿಲ್ಲ. ಎರಡೂ ಅಂಚಿನಲ್ಲಿ ಚಂದದ ಗೀಟು ಬಂತು, ನಡುವೆ ನಾಜಲ್ ಬೋರ್ಡಿಗೇ ಕೆರೆಯಿತು, ತುದಿ ಮುಚ್ಚಿಕೊಂಡಿತು. ಹೊಸ ನಾಜಲ್ ಹಾಕಿ ಮತ್ತೆ ಶುರು ಮಾಡಬೇಕಾಯಿತು. ಈಗ ಬೋರ್ಡ್ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಅಡಿಯಲ್ಲಿ ಬೆಳಕು ಎಲ್ಲಿ ಇಣುಕುತ್ತದೆ ಅಂತ ನೋಡದೆ ಮುಂದೆ ಹೋಗುವುದೇ ಇಲ್ಲ.

ಆಮೇಲೆ ಪರೀಕ್ಷೆಯ ಗೀಟು. ಸರ್ಕಿಟ್ ಬರುವ ಜಾಗ ಬಿಟ್ಟು ಬೋರ್ಡಿನ ಅಂಚಿನಲ್ಲಿ ಹಾವಿನಂತೆ ಹೋಗಿ ಬರುವ ನಾಲ್ಕಾರು ಸಾಲು ಎಳೆಸಿ. ಭೂತಗನ್ನಡಿ ಹಿಡಿದು ನೋಡಿ, ಬರಿಗಣ್ಣು ಸಾಲದು.

ಗೀಟು ದುಂಡಗೆ ಎದ್ದು ನಿಂತಿದೆ, ತಿರುವಿನಲ್ಲಿ ಮೂಲೆ ಹಿಡಿಯದೆ ಅಡ್ಡದಾರಿ ಹಿಡಿದಿದೆ, ಅಲ್ಲಲ್ಲಿ ತುಂಡಾಗಿ ಮಣಿಯಂತೆ ಉದುರಿದೆ ಅಂದರೆ ನಾಜಲ್ ಮೇಲಿದೆ. ಇಂಕ್ ಬೋರ್ಡನ್ನು ಹಿಡಿಯುವ ಮೊದಲೇ ಗಾಳಿಯಲ್ಲಿ ಎಳೆದುಕೊಂಡು ಹೋಗುತ್ತಿದೆ. ಇಳಿಸಿ.

ಗೀಟು ಚಪ್ಪಟೆಯಾಗಿ ಅಗಲವಾಗಿದೆ, ನಡುವೆ ಚಾನೆಲ್ ತೋಡಿದ ಹಾಗೆ ಸಣ್ಣ ತಗ್ಗು, ಎರಡು ಬದಿಗೂ ದಿಬ್ಬ ಇದೆ ಅಂದರೆ ನಾಜಲ್ ಕೆಳಗಿದೆ. ಆಗ ಇನ್ನೊಂದು ಅನಾಹುತವೂ ಆಗುತ್ತದೆ. ಹೊರಬರಲು ಜಾಗ ಸಿಗದ ಇಂಕ್ ನಾಜಲ್‌ನ ಹೊರಮೈಗೆ ಹತ್ತಿಕೊಳ್ಳುತ್ತದೆ, ಅಲ್ಲಿ ಸ್ವಲ್ಪ ಸ್ವಲ್ಪವೇ ಕೂಡುತ್ತದೆ, ಕೊನೆಗೆ ಯಾವುದೋ ಎರಡು ಪ್ಯಾಡ್‌ಗಳ (ಬಿಡಿಭಾಗದ ಕಾಲು ಬೆಸೆಯುವ ಇಂಕಿನ ಜಾಗಗಳ) ನಡುವೆಯೇ, ಬೇಕಂತಲೇ ಆರಿಸಿದ ಹಾಗೆ, ತೊಪ್ಪನೆ ಬೀಳುತ್ತದೆ. ಏರಿಸಿ, ನಾಜಲ್ ಒರೆಸಿ, ಮತ್ತೆ ಎಳೆಸಿ.

ಎತ್ತರ ಸರಿಯಾದ ಮೇಲೆಯೇ ಒತ್ತಡಕ್ಕೆ ಕೈ ಹಾಕಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ತಿಳಿಯುವುದಿಲ್ಲ. ಪ್ರತಿ ಗೀಟಿನ ಮೊದಲ ಒಂದೆರಡು ಮಿಲಿಮೀಟರ್ ಖಾಲಿ ಬಂದರೆ ಒತ್ತಡ ತಡವಾಗಿ ತಲುಪುತ್ತಿದೆ, ಸ್ವಲ್ಪ ಹೆಚ್ಚಿಸಿ. ಗೀಟು ಮುಗಿದ ಕಡೆಯಲ್ಲೆಲ್ಲ ಬೊಟ್ಟು ಉಳಿದರೆ ಕಡಿಮೆ ಮಾಡಿ. ಒಮ್ಮೆ ಖಾಲಿ, ಒಮ್ಮೆ ಬೊಟ್ಟು, ಲಂಗುಲಗಾಮಿಲ್ಲದೆ ಬರುತ್ತಿದೆಯಾ? ಅದು ಸೆಟ್ಟಿಂಗ್ ಅಲ್ಲ, ಸಿರಿಂಜಿನಲ್ಲಿ ಗಾಳಿಗುಳ್ಳೆ ಇದೆ. ಗುಳ್ಳೆ ಸ್ಪ್ರಿಂಗಿನ ಹಾಗೆ: ಒತ್ತಿದಾಗ ಕುಗ್ಗುತ್ತದೆ, ನಿಲ್ಲಿಸಿದ ಮೇಲೆ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ತುದಿ ಮೇಲೆ ಮಾಡಿ ಹಿಡಿದು, ಗುಳ್ಳೆ ಹೊರಬಿದ್ದು ಒಂದೇ ಸಮನೆ ಇಂಕ್ ಬರುವವರೆಗೆ ನಿಧಾನ ಒತ್ತಿ. ಒಂದು ಚಿಟಿಕೆ ಇಂಕ್ ಹೋಗುತ್ತದೆ, ಹೋಗಲಿ.

ಇಷ್ಟೆಲ್ಲ ಆದ ಮೇಲೂ ಸಮಾಧಾನ ಆಗದಿದ್ದರೆ ಇಡೀ ಬೋರ್ಡನ್ನು ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಮಾಡಿ. ಹಸಿ ಇಂಕ್ ಅಳಿಸುತ್ತದೆ, ಬೇಯಿಸಿದ ಮೇಲೆ ಅಳಿಸುವುದಿಲ್ಲ. ‘ಒಂದೇ ಒಂದು ಕಡೆ ತಾಗಿದೆ, ಆಮೇಲೆ ಬ್ಲೇಡಿನಲ್ಲಿ ಕೆರೆದರಾಯಿತು’ ಅನ್ನುವವರು ಇರುತ್ತಾರೆ. ಹಸಿ ಇರುವಾಗ ಒಂದು ಟೂತ್‌ಪಿಕ್ ತುದಿಯಲ್ಲಿ ಐದು ಸೆಕೆಂಡಿನ ಕೆಲಸ, ಅದನ್ನು ಅರ್ಧ ಗಂಟೆಯ ಕೆಲಸ ಮಾಡಿಕೊಳ್ಳುವುದು ಯಾಕೆ?

5. ಪ್ರಿಂಟ್

ಬಟನ್ ಒತ್ತಿ. ಫ್ಯಾನ್ ಬೋರ್ಡಿನ ಕಡೆ ತಿರುಗಿಸಿಡಬೇಡಿ.

6. ಬೇಯಿಸುವುದು

ಇಂಕಿನ ಜೊತೆ ಬಂದ ಚೀಟಿಯಲ್ಲಿ ಎಷ್ಟು ಶಾಖ, ಎಷ್ಟು ಹೊತ್ತು ಅಂತ ಇದೆಯೋ ಅಷ್ಟೇ. ಕೆಲವು ಮೆಷಿನ್‌ಗಳಲ್ಲಿ ಬೋರ್ಡನ್ನು ಮಗುಚಿ, ಇಂಕಿನ ಬದಿ ಮೆಷಿನ್‌ನ ಬಿಸಿಯಾಗುವ ಹಾಸಿನ ಕಡೆ ಇರುವಂತೆ, ಅದಕ್ಕೆ ತಾಗದಂತೆ ಎತ್ತರಿಸಿ ಇಡಬೇಕು. ಕಿಟಕಿ ತೆಗೆದಿರಲಿ, ಇಂಕಿನ ದ್ರಾವಕ ಆರಿಹೋಗುವ ವಾಸನೆ ಒಳ್ಳೆಯದಲ್ಲ. ಶಾಖ ಹೆಚ್ಚಿಸಿ ಸಮಯ ಅರ್ಧ ಮಾಡುವ ಜಾಣತನ ಬೇಡ: ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಬೆಂದಿದೆಯಾ ಅಂತ ತಿಳಿಯಲು ಪರೀಕ್ಷೆಯ ಗೀಟನ್ನು ಉಗುರಿನಲ್ಲಿ ಗೀರಿ ನೋಡಿ. ಪುಡಿಯಾಗಿ ಎದ್ದು ಬಂದರೆ ಬೆಂದಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದು ಪ್ರತಿ ಟ್ರೇಸ್ ಅಳೆಯಿರಿ. ಅಳೆಯುವ ಮೊದಲು ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಕಳೆಯಲು ಮರೆಯಬೇಡಿ.

7. ಬೆಸುಗೆ

ಎರಡನೇ ದೊಡ್ಡ ಗಂಡಾಂತರ ಇದು. ಮನೆಯಲ್ಲಿರುವ ಮಾಮೂಲಿ ಸೋಲ್ಡರ್ ತಂತಿ ಇಲ್ಲಿ ನಡೆಯುವುದಿಲ್ಲ. ಕರಗಿದ ತವರ ಬೆಳ್ಳಿಯನ್ನು ತನ್ನೊಳಗೆ ಕರಗಿಸಿಕೊಂಡುಬಿಡುತ್ತದೆ, ಬಿಸಿ ಜಾಸ್ತಿ ಆದಷ್ಟೂ ಬೇಗ. ಒಬ್ಬ ಹುಡುಗ ನಾನು ಬೇಡ ಅನ್ನುವಷ್ಟರಲ್ಲಿ 350 ಡಿಗ್ರಿಯ ಬೆಸುಗೆ ಐರನ್ ಒತ್ತಿ ಹಿಡಿದ. ಮೂರು ಎಣಿಸುವುದರೊಳಗೆ ಪ್ಯಾಡ್ ಇದ್ದ ಜಾಗದಲ್ಲಿ ಬರೀ ಬೋರ್ಡ್, ಅದರ ಮೇಲೆ ಯಾವುದಕ್ಕೂ ಅಂಟದೆ ಉರುಳಾಡುವ ಒಂದು ಹೊಳೆಯುವ ಗುಂಡು. ‘ಸರ್, ಪ್ಯಾಡ್ ಎಲ್ಲಿ ಹೋಯ್ತು?’ ಅಂದ. ಆ ಗುಂಡಿನೊಳಗೇ ಇತ್ತು.

ತವರ ಮತ್ತು ಬಿಸ್ಮತ್ ಬೆರೆತ ಸೋಲ್ಡರ್ ತೆಗೆದುಕೊಳ್ಳಿ, ಅದು 138 ಡಿಗ್ರಿಗೇ ಕರಗುತ್ತದೆ. ಸ್ವಲ್ಪ ಬೆಳ್ಳಿಯೂ ಸೇರಿದ್ದರೆ ಇನ್ನೂ ಒಳ್ಳೆಯದು, ಮೊದಲೇ ಬೆಳ್ಳಿ ಇರುವುದರಿಂದ ಪ್ಯಾಡಿನದಕ್ಕೆ ಅಷ್ಟಾಗಿ ಆಸೆ ಪಡುವುದಿಲ್ಲ. ಸೀಸದ ಸೋಲ್ಡರನ್ನು ಇದರ ಜೊತೆ ಬೆರೆಸಬೇಡಿ, ಸೀಸ-ಬಿಸ್ಮತ್ ಸೇರಿದ ಬೆಸುಗೆ ತೀರಾ ಕಡಿಮೆ ಬಿಸಿಗೇ ಮೆತ್ತಗಾಗುತ್ತದೆ. ಹಳೆಯ ಬೋರ್ಡಿನಿಂದ ಬಿಚ್ಚಿದ ಬಿಡಿಭಾಗಗಳ ಕಾಲಿನಲ್ಲಿ ಹಳೇ ಸೀಸ ಇರಬಹುದು, ನೋಡಿಕೊಳ್ಳಿ.

ಸೋಲ್ಡರ್ ಪೇಸ್ಟ್ ಹಾಕುವ ಮೊದಲು ಇಂಕಿನ ಬೆಂದ ಪ್ಯಾಡ್‌ಗಳನ್ನು ಪಾತ್ರೆ ಉಜ್ಜುವಂಥ ಅದೇ ಒರಟು ಪ್ಯಾಡಿನಲ್ಲಿ ಹಗುರವಾಗಿ ಉಜ್ಜಿ. ಮಾಸಲು ಬಿಳುಪು ಹೋಗಿ ಲೋಹದ ಹೊಳಪು ಕಾಣಬೇಕು. ಇದನ್ನು ಬಿಟ್ಟರೆ ಸೋಲ್ಡರ್ ಹರಡದೆ ಗುಂಡಾಗಿ ಕೂರುತ್ತದೆ. ಪೇಸ್ಟ್‌ಗೆ ಬೇರೆ ಸಿರಿಂಜ್, ಬೇರೆ ನಾಜಲ್. ಎತ್ತರವನ್ನು ಮತ್ತೆ ಮೊದಲಿನಿಂದ ಅಳೆಯಿಸಬೇಕು, ಹೌದು, ಮತ್ತೆ. ಬಿಡಿಭಾಗ ಇಟ್ಟು ಹಾಸನ್ನು ಬಿಸಿ ಮಾಡಿ ಕಣ್ಣಿಟ್ಟು ನೋಡುತ್ತಿರಿ. ಬೂದು ಬಣ್ಣದ ಪೇಸ್ಟ್ ಇದ್ದಕ್ಕಿದ್ದ ಹಾಗೆ ಕನ್ನಡಿಯಂತೆ ಮಿಂಚುತ್ತದೆ, ಸೊಟ್ಟಗಿಟ್ಟ ರೆಸಿಸ್ಟರ್ ತಾನೇ ಸರಿದು ನೇರವಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ಬಂದಿಲ್ಲ. ಆರುವವರೆಗೆ ಮೇಜು ಕೂಡ ಅಲುಗಿಸಬೇಡಿ.

ಕೈಯಲ್ಲೇ ಬೆಸೆಯಬೇಕಾದ ಕನೆಕ್ಟರ್ ಇದ್ದರೆ ಐರನ್ 200 ಡಿಗ್ರಿ ಆಸುಪಾಸಿನಲ್ಲಿರಲಿ. ಐರನ್ ತುದಿಯನ್ನು ಪ್ಯಾಡಿಗಲ್ಲ, ಕನೆಕ್ಟರ್ ಕಾಲಿಗೆ ತಾಗಿಸಿ, ಸೋಲ್ಡರ್ ಹರಿದ ಕೂಡಲೇ ತೆಗೆಯಿರಿ. ಕನೆಕ್ಟರ್ ಎಳೆದಾಟಕ್ಕೆ ಸಿಗುವ ಭಾಗ, ಇಂಕಿನ ಪ್ಯಾಡ್ ತಾಮ್ರದಷ್ಟು ಗಟ್ಟಿ ಹಿಡಿಯುವುದಿಲ್ಲ. ಬೆಸುಗೆ ಆದ ಮೇಲೆ ಬುಡಕ್ಕೆ ಒಂದು ಬೊಟ್ಟು ಎಪಾಕ್ಸಿ ಹಾಕಿ.

8. ಎತ್ತಿಡುವುದು

ನಾಜಲ್ ತೆಗೆದು ಸಿರಿಂಜಿಗೆ ಮುಚ್ಚಳ ಹಾಕಿ, ತುದಿ ಕೆಳಗೆ ಮಾಡಿ ಫ್ರಿಜ್‌ನಲ್ಲಿ ನೇರವಾಗಿ ನಿಲ್ಲಿಸಿ. ಮಲಗಿಸಿದರೆ ಗಾಳಿಗುಳ್ಳೆ ಬದಿಯಲ್ಲಿ ಸೇರಿಕೊಂಡು ಮುಂದಿನ ಸಲ ನಾಲ್ಕನೇ ಹಂತದಲ್ಲಿ ಕಾಡುತ್ತದೆ. ಬಿಚ್ಚಿದ ದಿನಾಂಕವನ್ನು ಮಾರ್ಕರ್‌ನಲ್ಲಿ ಸಿರಿಂಜಿನ ಮೇಲೇ ಬರೆಯಿರಿ. ಡಬ್ಬದ ಮೇಲೆ ಬೇಡ, ಡಬ್ಬ ನಾಳೆಯೇ ಕಳೆದುಹೋಗುತ್ತದೆ.