ಆಫ್ರಿಕನ್ ಸಿಕ್ಲಿಡ್‌ಗೆ ಎಷ್ಟು ಉದ್ದದ ಟ್ಯಾಂಕ್ ಬೇಕು?

ಅಂಗಡಿಯಲ್ಲಿ ಆಫ್ರಿಕನ್ ಸಿಕ್ಲಿಡ್ ಎಂಬ ಬಣ್ಣದ ಮೀನಿನ ಎರಡಿಂಚಿನ ಹಳದಿ, ನೀಲಿ ಮರಿಗಳು ಮುದ್ದಾಗಿ ಓಡಾಡುತ್ತಿರುತ್ತವೆ. ಅವುಗಳ ಜೊತೆ ಎರಡಡಿ ಟ್ಯಾಂಕನ್ನೂ ಹೊತ್ತು ತರುವವರೇ ಜಾಸ್ತಿ. ಮರಿಗಳು ಬಲಿತ ಮೇಲೆ ಅಸಲಿ ಜಗಳ ಶುರು.

ಹಾಗಾಗಿ ಮೊದಲು ಮೀನು ಯಾವುದು ಅಂತ ತೀರ್ಮಾನಿಸಿ, ಟ್ಯಾಂಕ್ ಆಮೇಲೆ. ನಮ್ಮಲ್ಲಿ ಸಿಗುವ ಹೆಚ್ಚಿನವು ಆಫ್ರಿಕಾದ ಮಲಾವಿ ಸರೋವರದ ತಳಿಗಳು. ಬಂಡೆಗಳ ಸಂದಿಯಲ್ಲಿ ಬದುಕುವ ಎಂಬುನಾ ಮೀನುಗಳು ಸಾಮಾನ್ಯವಾಗಿ ನಾಲ್ಕೈದು ಇಂಚು ಬೆಳೆಯುತ್ತವೆ. ಎಲೆಕ್ಟ್ರಿಕ್ ಯೆಲ್ಲೋ ಈ ಗುಂಪಿನದೇ, ಸ್ವಲ್ಪ ಸಾಧು. ಪೀಕಾಕ್ ಎಂಬ ಇನ್ನೊಂದು ಬಗೆಯ ಮೀನು ಐದಾರು ಇಂಚು ಆಗುತ್ತದೆ. ವೀನಸ್ಟಸ್, ಬ್ಲೂ ಡಾಲ್ಫಿನ್‌ನಂಥವು ಎಂಟು ಇಂಚು ದಾಟುತ್ತವೆ. ಅಂದ ಹಾಗೆ, ಅದೇ ಅಂಗಡಿಯಲ್ಲಿರುವ ಆಸ್ಕರ್, ಫ್ಲವರ್‌ಹಾರ್ನ್ ಕೂಡ ಸಿಕ್ಲಿಡ್‌ಗಳೇ. ಆದರೆ ಅವುಗಳ ಮೂಲ ಅಮೆರಿಕ ಖಂಡಗಳದ್ದು. ಅವನ್ನು ಆಫ್ರಿಕನ್ ಮೀನುಗಳ ಜೊತೆ ಬಿಡಬೇಡಿ.

ಎತ್ತರ ಬಿಡಿ, ನೆಲ ನೋಡಿ

ಗಂಡು ಎಂಬುನಾ ಒಂದು ಕಲ್ಲಿನ ಸಂದಿ ಹಿಡಿದು ಕೂರುತ್ತದೆ. ಹತ್ತಿರ ಬಂದವನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಟ್ಯಾಂಕ್ ಉದ್ದವಿದ್ದರೆ ಓಡಿದ ಮೀನು ಆ ಕೊನೆ ಸೇರಿ ಕಣ್ಮರೆಯಾಗುತ್ತದೆ, ಅಲ್ಲಿಗೆ ಗಲಾಟೆ ಮುಗಿಯಿತು. ಚಿಕ್ಕದಾದರೆ ಓಡಲು ಜಾಗವೇ ಇಲ್ಲ. ಸೋತ ಮೀನು ರೆಕ್ಕೆ ಹರಿದುಕೊಂಡು, ಮೇಲಿನ ಮೂಲೆಯಲ್ಲಿ ಫಿಲ್ಟರ್ ಪೈಪಿನ ಹಿಂದೆ ನಿಂತುಬಿಡುತ್ತದೆ. ಊಟಕ್ಕೂ ಕೆಳಗಿಳಿಯುವುದಿಲ್ಲ. ಅಂಥದ್ದೊಂದು ಕಂಡರೆ ಅವತ್ತೇ ಬೇರೆ ಮಾಡಿ.

ಎತ್ತರದ ಟ್ಯಾಂಕಿನಲ್ಲಿ ಲೀಟರ್ ಲೆಕ್ಕ ಚೆನ್ನಾಗಿಯೇ ಬರುತ್ತದೆ, ಆದರೆ ಕಲ್ಲು ಜೋಡಿಸುವ ನೆಲ ಕಡಿಮೆ. ಎಂಬುನಾ, ಪೀಕಾಕ್‌ಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಇರಲಿ. ಎಂಟಿಂಚು ದಾಟುವ ಮೀನುಗಳಿಗೆ ಆರಡಿ ಉದ್ದ, ಎರಡಡಿ ಅಗಲ ಬೇಕು. ದುಂಡಗಿನ ಬೌಲ್ ಕೇಳುವವರೂ ಇದ್ದಾರೆ, ಬೇಡವೇ ಬೇಡ.

ಲೀಟರ್ ಮತ್ತು ಭಾರ

ಉದ್ದ, ಅಗಲ, ಎತ್ತರಗಳನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 4 × 1.5 × 1.5 ಅಂದರೆ 9 ಘನ ಅಡಿ, ಸುಮಾರು 255 ಲೀಟರ್. ಮೇಲೆ ಬಿಡುವ ಜಾಗ, ಕಲ್ಲು, ಮರಳು ಕಳೆದರೆ ನೀರು ಅದಕ್ಕಿಂತ ಕಡಿಮೆಯೇ. ಆದರೂ ಗಾಜು, ಕಲ್ಲು ಸೇರಿ ಒಟ್ಟು ಭಾರ 300 ಕೆಜಿ ದಾಟುತ್ತದೆ. ಟೀಪಾಯಿ, ಶೋಕೇಸ್ ಮೇಲೆ ಇಡುವ ಮಾತೇ ಬೇಡ. ಗಟ್ಟಿ ಸ್ಟ್ಯಾಂಡ್ ಮಾಡಿಸಿ, ಮಟ್ಟ ನೋಡಿ, ಕೆಳಗೆ ಥರ್ಮಾಕೋಲ್ ಹಾಸಿ. ಕಲ್ಲುಗಳನ್ನು ಮೊದಲು ಜೋಡಿಸಿ, ಮರಳು ಆಮೇಲೆ ಸುರಿಯಿರಿ. ಈ ಮೀನುಗಳಿಗೆ ಅಗೆಯುವ ಚಟ. ಮರಳಿನ ಮೇಲಿಟ್ಟ ಕಲ್ಲು ಜಾರಿ ಗಾಜು ಒಡೆಯಬಹುದು.

ಎಷ್ಟು ಮೀನು?

ಎಂಬುನಾಗಳಿಗೆ ಒಂದು ವಿಚಿತ್ರ ಲೆಕ್ಕವಿದೆ. ನಾಲ್ಕೇ ನಾಲ್ಕು ಬಿಟ್ಟರೆ ಬಲಶಾಲಿಯು ಒಂದೊಂದನ್ನೇ ಹಿಡಿದು ಮುಗಿಸುತ್ತದೆ. ನಾಲ್ಕಡಿ ಟ್ಯಾಂಕಿಗೆ 15ರಿಂದ 20 ಬಿಟ್ಟರೆ ಸಿಟ್ಟು ಹಂಚಿಹೋಗುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಆದರೆ ಇಷ್ಟು ಮೀನು ಸಾಕುವುದಾದರೆ ಗಂಟೆಗೆ 1,500ರಿಂದ 2,000 ಲೀಟರ್ ಎಳೆಯುವ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಬೋರ್‌ವೆಲ್ ನೀರು ಗಡಸು ಅಂತ ಬೈಯುತ್ತೇವಲ್ಲ, ಇವಕ್ಕೆ ಗಡಸು ನೀರೇ ಇಷ್ಟ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.8ರಿಂದ 8.6ರ ನಡುವೆ ಇದ್ದರೆ ಸರಿ.

ಮನೆಯಲ್ಲಿ ಎರಡಡಿಗಿಂತ ಹೆಚ್ಚು ಜಾಗವಿಲ್ಲವೇ? ಆಫ್ರಿಕಾದ್ದೇ ಆದ ಟ್ಯಾಂಗನಿಕಾ ಸರೋವರದ ಮಲ್ಟಿ ಎಂಬ ಪುಟ್ಟ ಸಿಕ್ಲಿಡ್ ಹುಡುಕಿ. ಎರಡಿಂಚೂ ದಾಟುವುದಿಲ್ಲ, ಖಾಲಿ ಬಸವನಹುಳದ ಚಿಪ್ಪೇ ಅದರ ಮನೆ. ತಳಕ್ಕೆ ಸಣ್ಣ ಮರಳು ಹಾಕಿ. ಮೀನಿಗಿಂತ ಚಿಪ್ಪಿನ ಲೆಕ್ಕ ಜಾಸ್ತಿ ಇರಲಿ.